ಹಾಡುಗಾರನ ಹೆಸರಿನಲ್ಲಿ ಹಾಡೇ ಇಲ್ಲದ ಮೆರವಣಿಗೆ

ಮಾನ್ಯ ಸಂಪಾದಕರೇ,

ನಮ್ಮ ಜಿಲ್ಲೆಯ ಹಾಡುಗಾರ ಹನುಮಂತ ಟಿವಿಯ ಬಿಗ್ ಬಾಸ್ ಸ್ಪರ್ಧೆ ಗೆದ್ದ ಮರುದಿನ, ಅಂದರೆ ಮೊನ್ನೆ ಸೋಮವಾರ, ನಮ್ಮೂರ ಸರ್ಕಲ್‌ನಲ್ಲಿ ನಡೆದ ಸಂಭ್ರಮಾಚರಣೆಯ ಸುದ್ದಿ ಫೋಟೊ ಸಮೇತ ನಿಮ್ಮ ಜಿಲ್ಲಾ ಪುಟದಲ್ಲಿ ಬಂದಿದೆ. ಆ ಫೋಟೊದಲ್ಲಿ ಗುಂಪಿನ ಹಿಂದೆ ಎಡಬದಿಗೆ ಚೀಲ ಹೇರಿಕೊಂಡು ನಿಂತಿರುವ ಗಾಡಿಯಲ್ಲಿದ್ದದ್ದು ನನ್ನ ಮೆಣಸಿನಕಾಯಿ. ಆ ಗಾಡಿ ಅಲ್ಲಿ ಯಾಕೆ ನಿಂತಿತ್ತು ಎಂದು ನಿಮ್ಮ ವರದಿಗಾರರು ಕೇಳಲಿಲ್ಲ, ಬರೆಯಲೂ ಇಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಟೆಂಡರ್ (ವರ್ತಕರು ದರ ಬರೆದು ಮಾಲು ಕೊಳ್ಳುವುದು) ನಡೆಯುವುದು ಸೋಮವಾರ ಮತ್ತು ಗುರುವಾರ ಎಂಬುದು ಈ ಜಿಲ್ಲೆಯ ಸಣ್ಣ ಹುಡುಗರಿಗೂ ಗೊತ್ತು. ಜನವರಿಯಿಂದ ಮಾರ್ಚ್‌ವರೆಗೆ ಆ ಎರಡು ದಿನ ಈ ಭಾಗದ ರಸ್ತೆಗಳ ತುಂಬ ಚೀಲದ ಗಾಡಿಗಳೇ. ಅಂಥ ಸೋಮವಾರ ಬೆಳಿಗ್ಗೆ ಊರಿನ ಏಕೈಕ ದೊಡ್ಡ ರಸ್ತೆಗೆ ಅಡ್ಡಲಾಗಿ ಟ್ರ್ಯಾಕ್ಟರ್ ನಿಲ್ಲಿಸಿ, ಅದರ ಮೇಲೆ ಡಿಜೆ ಪೆಟ್ಟಿಗೆಗಳನ್ನು ಪೇರಿಸಿ, ಹಿಂದೆ ಮುಂದೆ ಬೈಕ್ ನಿಲ್ಲಿಸಿಕೊಂಡರೆ ರೈತ ಎಲ್ಲಿಂದ ಹೋಗಬೇಕು? ಹಿಂದಕ್ಕೆ ತಿರುಗಿಸೋಣವೆಂದರೆ ಬೆನ್ನಿಗೆ ಬಸ್ಸು, ಬಸ್ಸಿನ ಬೆನ್ನಿಗೆ ಕಬ್ಬಿನ ಲಾರಿ. ಇಳಿದು ಹೋಗಿ ಕೈ ಮುಗಿದು ಕೇಳಿದೆ. 'ಅಣ್ಣಾರ, ಚೂರು ತಡೀರಿ, ನಮ್ಮ ಹುಡುಗ ಗೆದ್ದಾನ' ಅಂದರು. ತಡೆದೆ. ಬಿಸಿಲು ನೆತ್ತಿಗೆ ಬಂತು. ಬ್ಯಾಡಗಿ ಮುಟ್ಟಿದಾಗ ಟೆಂಡರ್ ಮುಗಿದಿತ್ತು. ಈಗ ಗುರುವಾರದವರೆಗೆ ಮಾಲು ದಲಾಲಿ ಅಂಗಡಿಯ ಮುಂದೆ ಬಿದ್ದಿರಬೇಕು. ಮತ್ತೊಮ್ಮೆ ಹಮಾಲಿ, ಮತ್ತೊಮ್ಮೆ ಗಾಡಿ ಬಾಡಿಗೆ, ರಾತ್ರಿ ಕಾವಲು ಬೇರೆ. ಬಿಸಿಲಿಗೆ ಒಣಗಿ ತೂಕ ಇಳಿಯುವುದು ಅದರ ಮೇಲೆ. ದರವಂತೂ ಮೊದಲೇ ನೆಲ ಕಚ್ಚಿತ್ತು. ಈ ನಷ್ಟ ಯಾರ ಲೆಕ್ಕಕ್ಕೆ ಬರೆಯೋಣ?

ನನ್ನ ಹಿಂದೆ ನಿಂತ ಬಸ್ಸಿನಲ್ಲಿ ಪಿಯುಸಿ ಪೂರ್ವಸಿದ್ಧತಾ ಪರೀಕ್ಷೆಗೆ ಹೊರಟ ಹೆಣ್ಣುಮಕ್ಕಳಿದ್ದರು. ಅವರು ಹಾಲ್ ಟಿಕೆಟ್ ಹಿಡಿದುಕೊಂಡು ಬಿಸಿಲಲ್ಲಿ ನಡೆದೇ ಹೋದರು. ಅವರ ಬಗ್ಗೆಯೂ ವರದಿಯಲ್ಲಿ ಒಂದು ಸಾಲಿಲ್ಲ.

ಹನುಮಂತನ ಮೇಲೆ ನನಗೆ ಹೊಟ್ಟೆಕಿಚ್ಚು ಎಂದು ಯಾರೂ ತಿಳಿಯಬಾರದು. ಸವಣೂರು ತಾಲ್ಲೂಕಿನ ಚಿಲ್ಲೂರು ಬಡ್ನಿಯ ಕುರಿ ಕಾಯುವ ಹುಡುಗ, ಲುಂಗಿ ಉಟ್ಟು ಹೆಗಲಿಗೆ ಟವೆಲ್ ಹಾಕಿಕೊಂಡು ಸರಿಗಮಪ ವೇದಿಕೆ ಹತ್ತಿದ ರಾತ್ರಿ ನಮ್ಮ ಓಣಿಯಲ್ಲಿ ಯಾರೂ ಮಲಗಿರಲಿಲ್ಲ. ಹಂಸಲೇಖ, ವಿಜಯ್ ಪ್ರಕಾಶ್, ಅರ್ಜುನ್ ಜನ್ಯರಂಥವರ ಎದುರು ನಮ್ಮ ಸೀಮೆಯ ಮಾತನ್ನು ಒಂದಿಷ್ಟೂ ತಿದ್ದಿಕೊಳ್ಳದೆ ಆಡಿದ ಹುಡುಗ ಅವನು. 2019ರಲ್ಲಿ ಎರಡನೇ ಸ್ಥಾನ ಬಂದಾಗ ನನ್ನ ಹೆಂಡತಿ ಅತ್ತಿದ್ದಳು. ಈಗ 2025ರಲ್ಲಿ ಬಿಗ್ ಬಾಸ್ 11ನೇ ಆವೃತ್ತಿಯಲ್ಲಿ ನಡುವೆ ಒಳಗೆ ಹೋಗಿ, 5 ಕೋಟಿಗೂ ಹೆಚ್ಚು ಮತ ಪಡೆದು, 50 ಲಕ್ಷ ಗೆದ್ದಿದ್ದಾನೆ. ವೈಲ್ಡ್ ಕಾರ್ಡ್‌ನಲ್ಲಿ ಹೋಗಿ ಕನ್ನಡದಲ್ಲಿ ಗೆದ್ದವರು ಅವನಿಗಿಂತ ಮುಂಚೆ ಯಾರೂ ಇರಲಿಲ್ಲ. ನಮ್ಮೂರೇ ಬೇರೆ, ಅವನ ಊರೇ ಬೇರೆ. ಆದರೂ ಜಿಲ್ಲೆಯವರೆಲ್ಲ 'ನಮ್ಮ ಹುಡುಗ' ಅನ್ನುತ್ತೇವೆ. ಅನ್ನಲೇಬೇಕು. ನಾನೂ ಅನ್ನುತ್ತೇನೆ, ಎದೆ ಉಬ್ಬಿಸಿ ಅನ್ನುತ್ತೇನೆ.

ಆದರೆ ಸೋಮವಾರ ಆ ಟ್ರ್ಯಾಕ್ಟರ್ ಮೇಲಿನಿಂದ ಹನುಮಂತನ ಒಂದು ಹಾಡೂ ಕೇಳಲಿಲ್ಲ. ಅವನು ಹಾಡಿದ ಜನಪದ ಗೀತೆ ಬೇಡವಾಗಿತ್ತು, ತತ್ವಪದ ಬೇಡವಾಗಿತ್ತು. ಯಾವುದೋ ಭಾಷೆಯ ಸಿನಿಮಾ ಹಾಡಿನ ಧಡಧಡ ಸದ್ದು, ಅದಕ್ಕೆ ಕುಣಿತ, ಗುಲಾಲು. ಹುಡುಗ ಇನ್ನೂ ಊರಿಗೇ ಬಂದಿರಲಿಲ್ಲ. ಅವನ ಫೋಟೊಕ್ಕೆ ಹಾರ ಹಾಕಿದ್ದರು. ಬದುಕಿ ಬಾಳಬೇಕಾದ ಹುಡುಗನ ಫೋಟೊಕ್ಕೆ ಹೂವಿನ ಹಾರ ಹಾಕಬಾರದು ಎಂಬಷ್ಟು ತಿಳಿವಳಿಕೆಯೂ ಇವರಿಗಿಲ್ಲವೇ? ಫ್ಲೆಕ್ಸ್‌ನಲ್ಲಿ ಗೆದ್ದವನ ಮುಖ ಹುಡುಕಬೇಕು, ಶುಭ ಕೋರುವವರ ಮುಖಗಳೇ ಆಳೆತ್ತರ. ಬಸ್ ನಿಲ್ದಾಣದ ಬೋರ್ಡಿನ ಮೇಲೆಯೇ ಒಂದನ್ನು ಕಟ್ಟಿದ್ದಾರೆ. ಯಾವ ಊರಿಗೆ ಎಷ್ಟು ಹೊತ್ತಿಗೆ ಬಸ್ಸು ಎಂದು ಓದಲು ಬರುತ್ತಿಲ್ಲ. ಈ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವಾದದ್ದು 2016ರಲ್ಲಿ. ವಸತಿ ಪ್ರದೇಶದಲ್ಲಿ ಹಗಲು ಹೊತ್ತು 55 ಡೆಸಿಬಲ್ ಮೀರಬಾರದು ಎಂಬ ನಿಯಮ 2000ದಿಂದ ಇದೆ. ನಿಯಮ ಕಾಯಬೇಕಾದವರು ಅಂದು ಟ್ರ್ಯಾಕ್ಟರ್ ಪಕ್ಕದಲ್ಲೇ ನಿಂತು ಮೊಬೈಲ್‌ನಲ್ಲಿ ವಿಡಿಯೊ ಮಾಡುತ್ತಿದ್ದರು.

ಅದಕ್ಕಿಂತ ಹೊಟ್ಟೆ ಉರಿದದ್ದು ನಮ್ಮ ಭಜನಾ ಮೇಳದವರಿಗೆ ಆದ ಅವಮಾನ ನೋಡಿ. ಹಿಂದಿನ ರಾತ್ರಿಯೇ ಅವರಿಗೆ ಹೇಳಿಕಳಿಸಿದ್ದರು, ಮೆರವಣಿಗೆಯ ಮುಂದೆ ನೀವೇ ಹಾಡಬೇಕು ಎಂದು. ಶಿಶುನಾಳ ಶರೀಫರ ಪದಗಳನ್ನು ಚೀಟಿ ಇಲ್ಲದೆ ಬೆಳಗಿನವರೆಗೆ ಹಾಡಬಲ್ಲ ಹಿರಿಯರು ತಾಳ, ದಮ್ಮಡಿ, ಹಾರ್ಮೋನಿಯಂ ಹೊತ್ತುಕೊಂಡು ಶುಭ್ರ ಧೋತರ ಉಟ್ಟು ಹೊತ್ತಿಗೆ ಮುಂಚೆಯೇ ಬಂದರು. ಮೈಕ್ ಕೇಳಿದರೆ ಡಿಜೆಯವನು ಕೊಡಲಿಲ್ಲ. ಬಾಗಿಲು ಹಾಕಿದ ಅಂಗಡಿಯ ಕಟ್ಟೆಯ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಮುಖಂಡರ ಕಾರು ನಿಲ್ಲಿಸಬೇಕೆಂದು ಅಲ್ಲಿಂದಲೂ ಎಬ್ಬಿಸಿದರು. ಒಂದು ಲೋಟ ನೀರು ಕೊಟ್ಟವರಿಲ್ಲ. ಒಂದು ಪದವನ್ನೂ ಹಾಡದೆ ಆ ಹಿರಿಯರು ಹಾರ್ಮೋನಿಯಂ ಹೊತ್ತು ವಾಪಸು ನಡೆದದ್ದನ್ನು ನಾನು ಗಾಡಿಯಲ್ಲಿ ಕೂತು ಕಣ್ಣಾರೆ ಕಂಡಿದ್ದೇನೆ. ಹಾಡುಗಾರನನ್ನು ಗೌರವಿಸುವ ದಿನ ಹಾಡುವವರಿಗೇ ಜಾಗವಿಲ್ಲ! ಇದಕ್ಕೆ ಅಭಿಮಾನ ಅನ್ನಬೇಕೇ?

ಆಮೇಲೆ ಭಾಷಣ. ಮೈಕ್ ಹಿಡಿದವರೆಲ್ಲ ಹನುಮಂತನನ್ನು ತಾವೇ ಬೆಳೆಸಿದಂತೆ ಮಾತಾಡಿದರು. ಸ್ವಾಮಿ, ಅವನು ಕುರಿಗಳ ಹಿಂದೆ ಅಡ್ಡಾಡುತ್ತ ಹಾಡಿಕೊಂಡಾಗ ನಿಮ್ಮಲ್ಲಿ ಯಾರು ಕೇಳಿದಿರಿ? ಟಿವಿಯವರು ಆರಿಸಿಕೊಳ್ಳುವ ಮುಂಚೆ ಯಾವ ಜಾತ್ರೆಯಲ್ಲಿ, ಯಾವ ಉತ್ಸವದಲ್ಲಿ ಕರೆದು ಹಾಡಿಸಿದಿರಿ? ಬೆಂಗಳೂರಿನವರು ಚಪ್ಪಾಳೆ ತಟ್ಟಿದ ಮೇಲೆ ತಾನೇ ನಿಮಗೆ ಅವನ ದನಿ ಕೇಳಿದ್ದು?

ಇಲ್ಲಿ ಹುಟ್ಟಿದ ಹಾಡುಗಾರರಿಗೆ ಬೇರೆ ಊರೇ ಆಸರೆಯಾಗುವುದು ಈ ಜಿಲ್ಲೆಗೆ ಹೊಸದಲ್ಲ. ಪಂಚಾಕ್ಷರಿ ಗವಾಯಿಗಳು ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯವರು. ಪುಟ್ಟರಾಜ ಗವಾಯಿಗಳು ಅದೇ ತಾಲ್ಲೂಕಿನ ದೇವಗಿರಿಯಲ್ಲಿ ಹುಟ್ಟಿದವರು. ಇಬ್ಬರಿಗೂ ಕಣ್ಣಿರಲಿಲ್ಲ. ಆದರೂ ಸಾವಿರಾರು ಅಂಧ ಮಕ್ಕಳಿಗೆ ಸಂಗೀತ ಕಲಿಸಿದ ಅವರ ಆಶ್ರಮ ಇವತ್ತು ಗದಗಿನ ಹೆಮ್ಮೆ. ಗಂಗೂಬಾಯಿ ಹಾನಗಲ್ಲರು ನಮ್ಮ ಜಿಲ್ಲೆಯ ಊರಿನ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡು ದೇಶವೆಲ್ಲ ಹಾಡಿದರು, ಅವರ ಹೆಸರಿನ ಗುರುಕುಲ ಹುಬ್ಬಳ್ಳಿಯಲ್ಲಿದೆ. ಇಷ್ಟು ದೊಡ್ಡ ಸಂಗೀತದ ನೆಲದಲ್ಲಿ ನಮ್ಮೂರಿಗೆ ಒಂದು ರಂಗಮಂದಿರ ಕಟ್ಟಿಕೊಡಿ ಎಂದು ಕೇಳಿ ಕೇಳಿ ಗಂಟಲು ಒಣಗಿದೆ. ಅಡಿಗಲ್ಲು ಹಾಕಿದ್ದಾರೆ, ಅದರ ಸುತ್ತ ಜಾಲಿ ಬೆಳೆದಿದೆ. ಕಡತ ಎಲ್ಲಿದೆ ಎಂದು ಕೇಳಿದರೆ ಸಾಹೇಬರು ವರ್ಗವಾದರು ಎನ್ನುತ್ತಾರೆ, ಹೊಸ ಸಾಹೇಬರು ರಜೆಯಲ್ಲಿದ್ದಾರೆ ಎನ್ನುತ್ತಾರೆ.

ಕಲಾವಿದರ ಮಾಸಾಶನದ್ದು ಇನ್ನೊಂದು ಗೋಳು. 58 ದಾಟಿದವರು ಅರ್ಜಿ ಹಾಕಬಹುದು ಎಂದು ಹೇಳುತ್ತಾರೆ. ನಮ್ಮ ಮೇಳದ ಹಿರಿಯರೊಬ್ಬರು ಅರ್ಜಿ ಹಾಕಿದರೆ ಕಾರ್ಯಕ್ರಮ ನೀಡಿದ ಪ್ರಮಾಣಪತ್ರ ತನ್ನಿ, ಫೋಟೊ ತನ್ನಿ, ಪತ್ರಿಕೆಯಲ್ಲಿ ಬಂದ ಸುದ್ದಿ ತನ್ನಿ ಅಂದರು. ಅಮಾವಾಸ್ಯೆ ಭಜನೆಗೆ ಯಾರು ಪ್ರಮಾಣಪತ್ರ ಕೊಡುತ್ತಾರೆ? ಸತ್ತವರ ಮನೆಯಲ್ಲಿ ರಾತ್ರಿಯಿಡೀ ಹಾಡುವಾಗ ಯಾರು ಫೋಟೊ ತೆಗೆಯುತ್ತಾರೆ? ಆ ಕಚೇರಿಯಲ್ಲಿ ಕೂತವರಿಗೆ ಭಜನೆ ಎಂದರೇನು ಎಂಬುದಾದರೂ ಗೊತ್ತಿದೆಯೇ?

ಲಂಬಾಣಿ ತಾಂಡಾದ ಹುಡುಗ ಗೆದ್ದ ಎಂದು ಕುಣಿದವರು ತಾಂಡಾಗಳಿಗೆ ಒಮ್ಮೆ ಹೋಗಿ ಬರಲಿ. ನಮ್ಮ ಪಕ್ಕದ ತಾಂಡಾದ ರಸ್ತೆಯಲ್ಲಿ ಮಳೆಗಾಲದಲ್ಲಿ ಎತ್ತೂ ನಡೆಯುವುದಿಲ್ಲ. ಸಂಜೆ ಬಸ್ಸನ್ನು ಕಲೆಕ್ಷನ್ ಇಲ್ಲವೆಂದು ನಿಲ್ಲಿಸಿದ್ದಾರೆ. ತಾಂಡಾಗಳನ್ನು ಕಂದಾಯ ಗ್ರಾಮ ಮಾಡುತ್ತೇವೆ ಎಂದದ್ದು ಎಲ್ಲಿಗೆ ಬಂತು? ಅಲ್ಲಿಯ ಹೆಣ್ಣುಮಕ್ಕಳು ಹೋಳಿ ಹಬ್ಬದಲ್ಲಿ ಲೆಂಗಿ ಪದ ಹಾಡುವುದನ್ನು ಕೇಳಿದರೆ ಇವರಿಗೆ ಗೊತ್ತಾದೀತು, ಹನುಮಂತನ ಗಂಟಲು ಎಲ್ಲಿಂದ ಬಂತು ಎಂದು. ಅಂಥ ದನಿಗಳು ಅಲ್ಲಿ ಇನ್ನೂ ಎಷ್ಟೋ ಇವೆ. ಅವರನ್ನೂ ಟಿವಿಯವರೇ ಬಂದು ಹುಡುಕಬೇಕೇ?

ಹಾಗಾಗಿ ಸಂಬಂಧಪಟ್ಟವರು ಕೂಡಲೇ ಗಮನ ಹರಿಸಬೇಕು. ಬಸ್ ಬೋರ್ಡಿನ ಮೇಲಿನ ಫ್ಲೆಕ್ಸ್ ಇವತ್ತೇ ಇಳಿಸಬೇಕು. ರಂಗಮಂದಿರ ಕಟ್ಟಬೇಕು, ಅದಾಗದಿದ್ದರೆ ಆ ಅಡಿಗಲ್ಲನ್ನಾದರೂ ಕಿತ್ತು ಒಯ್ಯಬೇಕು. ಸಂಜೆ ಬಸ್ಸು ಬಿಡಬೇಕು. ರೈತರ ನಷ್ಟದ ಬಗ್ಗೆಯೂ ಯಾರಾದರೂ ಉತ್ತರ ಹೇಳಬೇಕು. ಹುಡುಗ ಜಿಲ್ಲೆಗೆ ಬಂದ ಮೇಲೆ ಇನ್ನೂ ದೊಡ್ಡ ಮೆರವಣಿಗೆ ಮಾಡುತ್ತಾರಂತೆ. ಮಾಡುವುದಿದ್ದರೆ ಸೋಮವಾರ, ಗುರುವಾರ ಬಿಟ್ಟು ಮಾಡಿ. ಸರ್ಕಲ್ ಬಿಟ್ಟು ಶಾಲೆಯ ಮೈದಾನದಲ್ಲಿ ಮಾಡಿ. ಡಿಜೆ ಬಿಟ್ಟು, ಹಾಡುವವರನ್ನು ಕರೆದು ಕೂರಿಸಿ ಮಾಡಿ. ಅಷ್ಟೂ ಆಗದಿದ್ದರೆ ಮಾಡಲೇಬೇಡಿ.

ನೊಂದ ಓದುಗ, ಹಾವೇರಿ ಜಿಲ್ಲೆ