ಮೊದಲ ಹಾಲಿಗೂ ಮುಂಚೆ ಒಂದು ಟ್ಯೂಬು

ಮಾನ್ಯರೇ,

ಸರ್ಕಾರಿ ಹೆರಿಗೆ ವಾರ್ಡಿನಲ್ಲಿ 31 ವರ್ಷ ದುಡಿದು ನಿವೃತ್ತಳಾದ ನರ್ಸ್ ನಾನು. ಪೇಪರಿಗೆ ಬರೆದು ರೂಢಿಯಿಲ್ಲ. ತಂಗಿಯ ಮೊಮ್ಮಗಳಿಗೆ ಆದದ್ದನ್ನು ಕಂಡ ಮೇಲೆ ಸುಮ್ಮನಿರಲು ಆಗಲಿಲ್ಲ.

ಖಾಸಗಿ ನರ್ಸಿಂಗ್ ಹೋಮೊಂದರಲ್ಲಿ ಹೆರಿಗೆ. ಹುಟ್ಟಿದ ಗಳಿಗೆಯಿಂದ ಕೂಸಿನ ಬಾಯಲ್ಲಿ ಬಿಳಿ ನೊರೆ, ಒರೆಸಿದಷ್ಟೂ ಮತ್ತೆ. 'ಒಳಗಿನ ನೀರು ಕುಡಿದೈತಿ, ಸರಿಹೋಗತೈತಿ' ಅಂದರಂತೆ ನರ್ಸಿಂಗ್ ಹೋಮಿನವರು. ಬೀಗಿತ್ತಿ ಬೆರಳಲ್ಲಿ ಜೇನು ನೆಕ್ಕಿಸಿದಳು. ಎದೆಗೆ ಹಾಕಿದಾಗ ಕೂಸು ಕೆಮ್ಮಿ ನೀಲಿಗಟ್ಟಿತು. ಆಮೇಲೆ ಚಮಚದಲ್ಲಿ ಹಾಲು, ಮತ್ತೆ ನೀಲಿ. ಹುಬ್ಬಳ್ಳಿ ಮುಟ್ಟಿದ್ದು ಮರುದಿನ ಸಂಜೆ. ಅಷ್ಟೊತ್ತಿಗೆ ನ್ಯುಮೋನಿಯಾ ಹಿಡಿದಿತ್ತು.

ಕೂಸಿನ ಅನ್ನನಾಳ ನಡುವೆ ತುಂಡಾಗಿತ್ತು. ಮೇಲಿನ ತುದಿ ಚೀಲದಂತೆ ಮುಚ್ಚಿ, ಕೆಳಗಿನ ತುದಿ ಶ್ವಾಸನಾಳಕ್ಕೆ ಕೂಡಿಕೊಂಡಿತ್ತು. ಹಾಲು ಮೇಲಿನ ಚೀಲದಿಂದ ತುಳುಕಿ ಶ್ವಾಸಕೋಶಕ್ಕೆ ಇಳಿಯುತ್ತದೆ, ಹೊಟ್ಟೆಯ ಹುಳಿನೀರು ಕೆಳಗಿನಿಂದ ಅಲ್ಲಿಗೇ ಏರುತ್ತದೆ. ಮೂರು–ನಾಲ್ಕು ಸಾವಿರ ಕೂಸುಗಳಲ್ಲಿ ಒಂದಕ್ಕೆ ಹೀಗಿರುತ್ತದೆ. ಬಸಿರಿನ ಕೊನೆಯ ಸ್ಕ್ಯಾನಿನಲ್ಲಿ 'ನೀರು ಜಾಸ್ತಿ' ಎಂದೇ ಬರೆದಿತ್ತು. ಒಳಗೆ ನೀರು ನುಂಗಲಾಗದ ಕೂಸಿದ್ದರೆ ನೀರು ಹೆಚ್ಚುತ್ತದೆ. ಆ ಕಾಗದವನ್ನು ಹೆರಿಗೆಯ ದಿನ ಯಾರೂ ಬಿಚ್ಚಿ ನೋಡಿರಲಿಲ್ಲ.

ಪತ್ತೆಗೆ ಬೇಕಾದದ್ದು 8 ಅಥವಾ 10 ನಂಬರಿನ ಫೀಡಿಂಗ್ ಟ್ಯೂಬು. ಇಂಥ ಕೂಸಿಗೆ ಬಾಯಿಂದ ಇಳಿಸಿದರೆ ಸುಮಾರು 10 ಸೆಂ.ಮೀ.ಗೆ ತಡೆದು ನಿಲ್ಲುತ್ತದೆ. ಹಾಗೇ ಇಟ್ಟು ಎಕ್ಸ್‌ರೇ ತೆಗೆದರೆ ಮುಗಿಯಿತು. 5 ನಂಬರಿನ ಸಪೂರ ಟ್ಯೂಬನ್ನು ಮಾತ್ರ ನಂಬಬೇಡಿ. ಅದು ಚೀಲದೊಳಗೇ ಸುರುಳಿ ಸುತ್ತಿಕೊಂಡು ಹೊಟ್ಟೆಗೆ ಹೋದಂತೆ ತೋರಿಸುತ್ತದೆ. 1996ರಲ್ಲಿ ನಾನೇ ಮೋಸ ಹೋದೆ. ಟ್ಯೂಬು ಇಳಿಯಿತಲ್ಲ, ಹಾಲು ಕೊಡವ್ವಾ ಅಂದವಳು ನಾನೇ. ಮೂರನೇ ದಿನ ಆ ಕೂಸು ಹೋಯಿತು. ತಾಯಿ ಬ್ಯಾಡಗಿ ಕಡೆಯವಳು, ಹಸಿರು ಇಳಕಲ್ ಸೀರೆ ಉಟ್ಟಿದ್ದಳು.

ಗೊತ್ತಾದ ಮೇಲೆ ಬಾಯಿಗೆ ಹನಿಯೂ ಹಾಕಬಾರದು. ತಲೆ ಎತ್ತರಿಸಿ ಮಲಗಿಸಿ, ಚೀಲದ ಜೊಲ್ಲನ್ನು ಹೀರಿ ತೆಗೆಯುತ್ತ, ಡ್ರಿಪ್ ಹಾಕಿ, ಬೆಚ್ಚಗೆ ಸುತ್ತಿ ಮಕ್ಕಳ ಸರ್ಜನ್ ಇರುವಲ್ಲಿಗೆ ಕಳಿಸಬೇಕು. ಸಾಮಾನ್ಯವಾಗಿ ಎದೆಯ ಬಲಗಡೆ ತೆರೆದು, ಶ್ವಾಸನಾಳದ ಕೂಡುದಾರಿ ಮುಚ್ಚಿ, ಎರಡು ತುದಿ ಹೊಲಿಯುತ್ತಾರೆ. ಅಮೆರಿಕದ ಆನ್ ಆರ್ಬರ್‌ನಲ್ಲಿ ಕ್ಯಾಮರೂನ್ ಹೈಟ್ ಎಂಬ ವೈದ್ಯರು 1941ರಲ್ಲೇ ಒಂದು ಕೂಸನ್ನು ಹೀಗೆ ಉಳಿಸಿದರು. ನಾವಿನ್ನೂ ನೊರೆ ಒರೆಸುತ್ತ ಕೂತಿದ್ದೇವೆ.

ಮಕ್ಕಳ ಆರೋಗ್ಯ ತಪಾಸಣೆಗೆಂದು 2013ರಲ್ಲಿ ಶುರುವಾದ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳುತುಟಿ, ಸೊಟ್ಟಪಾದ, ಹೃದಯದ ದೋಷ ಎಲ್ಲ ಸೇರಿ ಒಂಬತ್ತು ಹುಟ್ಟುದೋಷಗಳಿವೆ, ಇದಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆಯ ಮೊದಲ ಭೇಟಿ ಮೂರನೇ ದಿನಕ್ಕೆ. ಈ ಕೂಸಿಗೆ ಅದು ತೀರಾ ತಡ.

ನಮ್ಮ ಕೂಸಿಗೆ ಸೋಂಕು ತಗ್ಗಿಸಿ, ಒಂಬತ್ತನೇ ದಿನ ಆಪರೇಷನ್ ಆಯಿತು. ಈಗ ಹಾಲು ಕುಡಿಯುತ್ತಾಳೆ. ಕೆಮ್ಮಿದರೆ ನಾಯಿ ಬೊಗಳಿದ ಹಾಗೆ ಸದ್ದು. ಶ್ವಾಸನಾಳ ಮೆತ್ತಗಿದೆ, ಬೆಳೆಯುತ್ತ ಕಡಿಮೆಯಾಗುತ್ತದೆ ಎಂದಿದ್ದಾರೆ. ಹೊಲಿಗೆ ಬಿಗಿದು ದಾರಿ ಕಿರಿದಾದರೆ ಮತ್ತೆ ಹಿಗ್ಗಿಸಬೇಕಾದೀತು.

ಜಿಲ್ಲಾ ಆರೋಗ್ಯಾಧಿಕಾರಿಗಳು ಮುಂದಿನ ಸಲ ತಪಾಸಣೆಗೆ ಬಂದಾಗ, ಹೆರಿಗೆ ಕೋಣೆಯ ಟ್ರೇಯಲ್ಲಿ 10 ನಂಬರಿನ ಟ್ಯೂಬು ಇದೆಯೋ ಇಲ್ಲವೋ, ಅದೊಂದನ್ನು ನೋಡಲಿ.

– ನಿವೃತ್ತ ಶುಶ್ರೂಷಕಿ, ರಾಣೆಬೆನ್ನೂರು