ಮೂವರು ಬಿಷಪ್ ಯಾಕೆ ಅಂದೆಯಲ್ಲ

ಪ್ರೀತಿಯ ಗೆಳೆಯಾ,

ಕಳೆದ ಸಲ ಊರಿಗೆ ಬಂದಾಗ ಬಸ್ಸಿನಲ್ಲಿ ನೀನು ಕೇಳಿದ್ದು ತಲೆಯಲ್ಲೇ ಉಳಿದಿತ್ತು. ಮಂಗಳೂರಿಗೆ ಒಬ್ಬ ಬಿಷಪ್, ಬೆಳ್ತಂಗಡಿಗೆ ಒಬ್ಬರು, ಪುತ್ತೂರಿಗೆ ಇನ್ನೊಬ್ಬರು. ಮೂವರೂ ಪೋಪರ ಕಡೆಯವರೇ ಅಲ್ವಾ, ಒಂದೇ ಜಿಲ್ಲೆಗೆ ಮೂವರು ಯಾಕೆ ಅಂದೆ. ಮಂಗಳೂರಿನದು ಲ್ಯಾಟಿನ್ ಪದ್ಧತಿ, ಅಂದರೆ ರೋಮಿನದೇ ಪೂಜಾಕ್ರಮ, ಅದು ಬಿಡು. ಉಳಿದೆರಡು ಕೇರಳದಿಂದ ಬಂದ ರಬ್ಬರ್ ತೋಟದವರ ಜೊತೆ ಇಲ್ಲಿಗೆ ಬಂದವು. ಅವು ಬೇರೆ ಬೇರೆ ಆದ ಕತೆ ಶುರುವಾಗುವುದು ಕೊಚ್ಚಿಯ ಮಟ್ಟಾಂಚೇರಿಯಲ್ಲಿ. ಹೋದ ತಿಂಗಳು ಅಲ್ಲಿಗೆ ಹೋಗಿ ಬಂದೆ.

ಮೊದಲು ಜಗಳವೇ ಇರಲಿಲ್ಲ ನೋಡು. ಕೇರಳದ ಹಳೆಯ ಕ್ರೈಸ್ತರಿಗೆ, ಅಂದರೆ ನಸ್ರಾಣಿಗಳಿಗೆ, ಬಿಷಪ್ಪರು ಬರುತ್ತಿದ್ದದ್ದು ಪರ್ಷಿಯಾ ಕಡೆಯಿಂದ, ಪೂಜೆ ನಡೆಯುತ್ತಿದ್ದದ್ದು ಸುರಿಯಾನಿ ಎಂಬ ಪಶ್ಚಿಮ ಏಷ್ಯಾದ ಹಳೆಯ ಭಾಷೆಯಲ್ಲಿ. 1502ರಲ್ಲಿ ವಾಸ್ಕೋ ಡ ಗಾಮ ಬಂದಾಗ ಇವರೇ ಹೋಗಿ ಬೆಳ್ಳಿ ಕಟ್ಟಿದ ಕೋಲೊಂದನ್ನು ಅವನ ಕೈಗೆ ಕೊಟ್ಟು, ಪೋರ್ಚುಗಲ್ ರಾಜ ನಮ್ಮನ್ನು ಕಾಯಲಿ ಅಂದರು. ಕೋಲು ಕೊಟ್ಟವರ ಬೆನ್ನಿಗೇ ಅದು ಬಿತ್ತು! 1599ರಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೆಜೆಸ್ ಕೊಚ್ಚಿ ಹತ್ತಿರದ ಉದಯಂಪೇರೂರಿನಲ್ಲಿ ಸಭೆ ಕರೆದು, ಸುರಿಯಾನಿ ಪುಸ್ತಕಗಳನ್ನು ತಿದ್ದಬೇಕು, ಕೆಲವನ್ನು ಸುಡಬೇಕು ಅಂತ ಅಪ್ಪಣೆ ಮಾಡಿದರು. ಆಮೇಲೆ ಬಿಷಪ್ಪರಾಗಿ ಕೂತವರು ಯುರೋಪಿನ ಜೆಸುಯಿಟರು, ಅಂದರೆ ಪೋಪರ ಕಡೆಯ ಒಂದು ಪಾದ್ರಿ ಸಂಘದವರು.

ನಸ್ರಾಣಿಗಳು ಐವತ್ತು ವರ್ಷ ಹಲ್ಲುಕಚ್ಚಿಕೊಂಡಿದ್ದರು. 1652ರಲ್ಲಿ ಅಹತಲ್ಲಾ ಎಂಬ ಸಿರಿಯಾದ ಬಿಷಪ್ ಬಂದರು. ಪೋರ್ಚುಗೀಸರು ಅವರನ್ನು ಹಿಡಿದು ಹಡಗಿನಲ್ಲಿ ಗೋವೆಗೆ ಸಾಗಿಸಿದರು. ದಾರಿಯಲ್ಲಿ ಹಡಗು ಕೊಚ್ಚಿಗೆ ಬಂದರೂ ಜನರಿಗೆ ಮುಖ ತೋರಿಸಲಿಲ್ಲ. ಸಮುದ್ರಕ್ಕೆ ತಳ್ಳಿ ಕೊಂದರಂತೆ ಅಂತ ಸುದ್ದಿ ಹಬ್ಬಿತು. ಸುದ್ದಿ ಸುಳ್ಳು, ಅವರನ್ನು ಯುರೋಪಿಗೆ ಕಳಿಸಿದ್ದರು. ಆದರೆ ಅಷ್ಟರಲ್ಲಿ 1653ರ ಜನವರಿ 3ರಂದು ಸಾವಿರಾರು ಜನ ಮಟ್ಟಾಂಚೇರಿಯಲ್ಲಿ ಸೇರಿಯಾಗಿತ್ತು. ಇನ್ನು ಈ ಹೊರಗಿನವರ ಮಾತು ಕೇಳುವುದಿಲ್ಲ ಅಂತ ಶಿಲುಬೆ ಮುಟ್ಟಿ ಆಣೆ ಮಾಡಬೇಕು, ಎಲ್ಲರಿಗೂ ಕೈ ಎಟುಕುವುದಿಲ್ಲ. ಹಾಗಾಗಿ ಕಲ್ಲಿನ ಶಿಲುಬೆಗೆ ಹಗ್ಗ ಕಟ್ಟಿ, ಹಗ್ಗ ಹಿಡಿದು ಆಣೆ ಮಾಡಿದರು. ಎಳೆತಕ್ಕೆ ಶಿಲುಬೆ ಬಾಗಿತಂತೆ. ಅದಕ್ಕೇ ಕೂನನ್ ಕುರಿಶು ಅನ್ನುತ್ತಾರೆ. ಕೂನು ಅಂದರೆ ನಮ್ಮ ಗೂನೇ, ಕುರಿಶು ಅಂದರೆ ಶಿಲುಬೆ.

ಆಣೆ ಪೋಪರ ವಿರುದ್ಧವೋ, ಬರೀ ಜೆಸುಯಿಟರ ವಿರುದ್ಧವೋ? ಇದಕ್ಕೆ ಇವತ್ತಿಗೂ ಅವರಲ್ಲಿ ಜಗಳವಿದೆ. ನನಗೇನೋ ಎರಡನೆಯದೇ ಸರಿ ಅನ್ನಿಸುತ್ತದೆ. ನಂಬಿಕೆಯ ತಕರಾರಿಗಿಂತ, ನಮ್ಮ ಮನೆಯ ಯಜಮಾನಿಕೆ ನಮಗೇ ಬೇಕು ಅನ್ನುವ ಹಟವೇ ಜಾಸ್ತಿ ಇತ್ತು. ಯಾಕೆಂದರೆ ರೋಮ್ ಬೇರೆ ಪಾದ್ರಿಗಳನ್ನು ಕಳಿಸಿ, 1663ರಲ್ಲಿ ನಸ್ರಾಣಿಗಳಲ್ಲೇ ಒಬ್ಬರಾದ ಪರಂಬಿಲ್ ಚಾಂಡಿಯನ್ನು ಬಿಷಪ್ ಮಾಡುವ ಹೊತ್ತಿಗೆ ಹೆಚ್ಚಿನ ಚರ್ಚುಗಳು ವಾಪಸು ಬಂದಿದ್ದವು. 116ರಲ್ಲಿ 84 ಅಂತ ಲೆಕ್ಕ ಹೇಳುತ್ತಾರೆ. ಬೆಳ್ತಂಗಡಿಯವರು ಈ ಸಾಲಿನವರು.

ಉಳಿದವರು ನಸ್ರಾಣಿಗಳ ಮುಖ್ಯಸ್ಥರಾಗಿದ್ದ ಆರ್ಚ್‌ಡೀಕನ್ ತೋಮಾ ಹಿಂದೆ ನಿಂತರು. ಬಿಷಪ್ಪರು ಸಿಗದೆ ಹನ್ನೆರಡು ಪಾದ್ರಿಗಳೇ ಅವರ ತಲೆ ಮೇಲೆ ಕೈಯಿಟ್ಟು ಬಿಷಪ್ ಮಾಡಿದ್ದರು. 1665ರಲ್ಲಿ ಇವರಿಗೆ ಅಂತಿಯೋಕ್ಯದ, ಅಂದರೆ ಪೋಪರ ಕೈಕೆಳಗಿಲ್ಲದ ಸಿರಿಯಾದ ಸಭೆಯ ನಂಟಾಯಿತು, ನಿಧಾನಕ್ಕೆ ಪೂಜೆಯ ಕ್ರಮವೂ ಬದಲಾಯಿತು. ಇವರಲ್ಲೂ ಮತ್ತೆ ಮತ್ತೆ ಪಾಲಾಯಿತು, ಅದನ್ನೆಲ್ಲ ಬರೆದರೆ ನಿನಗೆ ನಿದ್ದೆ ಬರುತ್ತದೆ. 1930ರಲ್ಲಿ ಇವರಲ್ಲೇ ಒಬ್ಬ ಬಿಷಪ್ ಮಾರ್ ಇವಾನಿಯೋಸ್ ಜೊತೆ ಒಂದು ಗುಂಪು ರೋಮಿಗೆ ಮರಳಿತು, ಅಂತಿಯೋಕ್ಯದ ಪೂಜಾಕ್ರಮ ಬಿಡದೆಯೇ. ಪುತ್ತೂರಿನವರು ಇವರು.

ಒಬ್ಬರು ಹತ್ತು ವರ್ಷಕ್ಕೆ ರೋಮಿನ ಕಡೆಗೆ ಬಂದರು, ಇನ್ನೊಬ್ಬರು ಹತ್ತಿರ ಹತ್ತಿರ ಮುನ್ನೂರು ವರ್ಷಕ್ಕೆ. ಅದಕ್ಕೇ ಮಾರಾಯಾ, ಬಿಷಪ್ಪರು ಬೇರೆ ಬೇರೆ. ಡಿಸೆಂಬರಿನಲ್ಲಿ ಬಾ, ಎರಡೂ ಕಡೆ ಕ್ರಿಸ್ಮಸ್ ಪೂಜೆ ನೋಡೋಣ.

ನಿನ್ನ ಗೆಳೆಯ