ಹಕ್ಕನ್ನು ಸರ್ಕಾರ ‘ಕೊಟ್ಟಿದೆ’ ಅಂತ ಬರೆಯಬೇಡಿ

ಸಂಪಾದಕರೇ,

ನಿಮ್ಮ ಪತ್ರಿಕೆಯೊಂದೇ ಅಲ್ಲ, ಎಲ್ಲ ಪತ್ರಿಕೆಗಳಲ್ಲೂ ಒಂದು ಮಾತು ಪದೇ ಪದೇ ಕಾಣುತ್ತದೆ: ‘ಸರ್ಕಾರ ಜನರಿಗೆ ಈ ಹಕ್ಕು ಕೊಟ್ಟಿದೆ.’ ಕೊಟ್ಟವರು ವಾಪಸ್ ಕೇಳಬಹುದು, ಅಲ್ವಾ? ಸವಲತ್ತಿನ ವಿಷಯದಲ್ಲಿ ಅದು ಸರಿ. ಇವತ್ತು ಕೊಟ್ಟು ನಾಳೆ ನಿಲ್ಲಿಸಬಹುದು. ಹಕ್ಕು ಹಾಗಲ್ಲ. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಒಪ್ಪಿದ ಮಾನವ ಹಕ್ಕುಗಳ ಘೋಷಣೆಯಲ್ಲಿ 30 ವಿಧಿಗಳಿವೆ. ಹುಟ್ಟುತ್ತಲೇ ಎಲ್ಲರೂ ಸ್ವತಂತ್ರರು, ಘನತೆಯಲ್ಲೂ ಹಕ್ಕಿನಲ್ಲೂ ಸಮಾನರು ಎಂಬುದೇ ಅದರ ಮೊದಲ ವಿಧಿ. ಹುಟ್ಟಿನಿಂದ ಬಂದದ್ದನ್ನು ಕಾನೂನು ಗುರುತಿಸಬಹುದು, ಕಾಯಬಹುದು. ‘ನಾನು ಕೊಟ್ಟೆ’ ಅನ್ನುವ ಹಾಗಿಲ್ಲ.

ಸ್ವಿಟ್ಜರ್ಲೆಂಡ್‌ನ ಮಹಿಳೆಯರು ರಾಷ್ಟ್ರಮಟ್ಟದಲ್ಲಿ ಮತ ಹಾಕುವಂತಾಗಲು 1971ರವರೆಗೆ ಕಾಯಬೇಕಾಯಿತು. ನ್ಯೂಜಿಲೆಂಡ್‌ನಲ್ಲಿ 1893ರಲ್ಲೇ ಅದು ಸಾಧ್ಯವಾಗಿತ್ತು. ಸ್ವಿಟ್ಜರ್ಲೆಂಡ್‌ನಲ್ಲಿ ಜನಮತ ಸಂಗ್ರಹ ನಡೆದಾಗ ಮತ ಹಾಕಿದವರು ಗಂಡಸರು ಮಾತ್ರ. ಅವರು ಹಕ್ಕು ಕೊಟ್ಟರು ಅಂತ ಬರೆಯಬೇಕೋ, ಅಷ್ಟು ವರ್ಷ ತಡೆದಿಟ್ಟದ್ದನ್ನು ಬಿಟ್ಟರು ಅಂತಲೋ? ನನಗಂತೂ ಎರಡನೆಯದೇ ಸರಿ ಕಾಣುತ್ತದೆ.

ಇನ್ನೊಂದು ಗೊಂದಲ ನಮ್ಮ ಮನೆಯಲ್ಲೇ ಎದ್ದದ್ದು. ತಮ್ಮನ ಮಗಳು ಓದುತ್ತಾ ಕೂತಿದ್ದವಳು, ‘ದೊಡ್ಡಪ್ಪಾ, ಬ್ರಿಟನ್‌ನಲ್ಲಿ ರಾಜ ಇದ್ದಾನಲ್ಲ, ಹಾಗಿದ್ರೆ ಅಲ್ಲಿ ಪ್ರಜಾಪ್ರಭುತ್ವ ಇಲ್ವಾ?’ ಅಂದಳು. ನಾನು ಸುಮ್ನೆ ‘ಇದೆ, ಇದೆ’ ಅಂದುಬಿಟ್ಟೆ. ಹೇಗೆ ಅಂತ ಕೇಳಿದಾಗ ತಡವರಿಸಿದೆ. ಆಮೇಲೆ ಯೋಚಿಸಿದರೆ, ಇಲ್ಲಿ ಎರಡು ಬೇರೆ ಪ್ರಶ್ನೆಗಳಿವೆ. ದೇಶದ ಮುಖ್ಯಸ್ಥನ ಪಟ್ಟ ವಂಶದಿಂದ ಬರುತ್ತದೋ ಇಲ್ಲವೋ? ಬಾರದಿದ್ದರೆ ಅದು ಗಣರಾಜ್ಯ. ಆಳುವವರನ್ನು ಜನ ಆರಿಸಿ, ಬೇಡವಾದಾಗ ಇಳಿಸಬಹುದೋ? ಹಾಗಿದ್ದರೆ ಪ್ರಜಾಪ್ರಭುತ್ವ. ಬ್ರಿಟನ್, ನಾರ್ವೆಯಲ್ಲಿ ರಾಜರಿದ್ದಾರೆ, ಜಪಾನ್‌ನಲ್ಲಿ ಚಕ್ರವರ್ತಿ. ಆಡಳಿತ ಮಾತ್ರ ಚುನಾಯಿತರ ಕೈಯಲ್ಲಿದೆ. ಉತ್ತರ ಕೊರಿಯಾದ ಅಧಿಕೃತ ಹೆಸರಿನಲ್ಲಿ ‘ಪ್ರಜಾಸತ್ತೆ’ಯೂ ಇದೆ, ‘ಗಣರಾಜ್ಯ’ವೂ ಇದೆ. ಅಧಿಕಾರ ಮಾತ್ರ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದಿದೆ! ಇದನ್ನು ಹೇಳಿದ ಮೇಲೆ ಹುಡುಗಿ ನಕ್ಕಳು. ಪಾಠ ತಲೆಗೆ ಹೋಯಿತು ಅಂದುಕೊಂಡೆ.

ಸರ್ಕಾರ ಮತ್ತು ದೇಶವನ್ನು ಒಂದೇ ಎಂಬಂತೆ ಬರೆಯುವುದೂ ಜಾಸ್ತಿಯಾಗಿದೆ. ಚುನಾವಣೆಯಲ್ಲಿ ಸೋತರೆ ಸರ್ಕಾರ ಹೋಗುತ್ತದೆ, ದೇಶ ಇರುತ್ತದೆ. ಸರ್ಕಾರವನ್ನು ಬೈದವನು ದೇಶವನ್ನು ಬೈದ ಹಾಗಲ್ಲ.

ಇನ್ನು ‘ಪ್ರಜೆ’ ಎಂಬ ಪದ. ರಾಜರ ಕಾಲದಲ್ಲಿ ಪ್ರಜೆ ಅಂದರೆ ರಾಜನ ಕೈಕೆಳಗಿನವನು ಅಂತ ಅರ್ಥ. ರಾಜನಿದ್ದರೆ ಪ್ರಜೆ. ನಾಗರಿಕ ಹಾಗಲ್ಲ, ಅವನಿಗೆ ಲೆಕ್ಕ ಕೇಳುವ ಅಧಿಕಾರವಿದೆ. ತಮಾಷೆ ಅಂದರೆ ‘ಪ್ರಜಾಪ್ರಭುತ್ವ’ದಲ್ಲಿ ಅದೇ ಪ್ರಜೆ ಪ್ರಭುವಾಗಿ ಕೂತಿದ್ದಾನೆ. ಆ ಪದವನ್ನು ಬಿಡಿ ಅಂತ ನಾನು ಹೇಳುವುದಿಲ್ಲ, ಅಷ್ಟು ಚಂದದ ಪದ ಅದು. ಆದರೆ ತೆರಿಗೆ ಕಟ್ಟುವವರ, ಅರ್ಜಿ ಹಿಡಿದು ನಿಂತವರ ಸುದ್ದಿಯಲ್ಲಾದರೂ ‘ನಾಗರಿಕರು’ ಅಂತ ಬರೆಯಬಹುದಲ್ಲ?

ಸಂಪಾದಕೀಯದ ಪಕ್ಕದಲ್ಲಿ ನಾಲ್ಕು ಸಾಲಿನ ಜಾಗ ಸಿಕ್ಕರೆ ದಿನಕ್ಕೊಂದು ಇಂಥ ಪದ ಬಿಡಿಸಿ ಹೇಳಿ. ಶಾಸಕಾಂಗಕ್ಕೂ ಕಾರ್ಯಾಂಗಕ್ಕೂ ಏನು ವ್ಯತ್ಯಾಸ ಅಂತ ತಮ್ಮನ ಮಗಳು ಮೊನ್ನೆ ಕೇಳಿದ್ದಾಳೆ. ಭಾನುವಾರದವರೆಗೆ ಟೈಮ್ ತೆಗೆದುಕೊಂಡಿದ್ದೇನೆ.

ಇಂತಿ,
ನಿಮ್ಮ ಹಳೆಯ ಓದುಗ